ಹಳದಿ ಗೆರೆಯ ಹಿಂದೆ

ಕವಾಸಾಕಿ,
ಜನವರಿ 14

ಅಪ್ಪಾ,

ನೀನು ಕಾಯುತ್ತಿರುವ ಸುದ್ದಿಯನ್ನು ಮೊದಲು ಹೇಳಿಬಿಡುತ್ತೇನೆ. ಯುಜುವಿನ ಬೆರಳಿಗೆ ಏನೂ ಆಗಿಲ್ಲ. ಮೂಳೆ ಗಟ್ಟಿಯಾಗಿದೆ ಅಂತ ಇಲ್ಲಿನ ಡಾಕ್ಟರೂ ಹೇಳಿದರು. ಉಗುರು ಮಾತ್ರ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದೆ, ಉದುರಿ ಹೊಸದು ಬರುತ್ತದಂತೆ. ಅವಳಿಗಂತೂ ಅದೊಂದು ಒಡವೆಯಾಗಿಬಿಟ್ಟಿದೆ. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಬೆರಳೆತ್ತಿ ತೋರಿಸಿ, "ತಾತ! ಬಾಗ್ಲು! ಡಬ್!" ಅನ್ನುತ್ತಾಳೆ. ನಮ್ಮ ಕಟ್ಟಡದವರೆಲ್ಲ ನಿನ್ನ ಬಗ್ಗೆ ಏನೆಂದುಕೊಂಡಿದ್ದಾರೋ ನನಗೆ ಗೊತ್ತಿಲ್ಲ.

ಫೋನ್ ಎತ್ತಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನೀನು ಪ್ಲಾಟ್‌ಫಾರ್ಮಿನಲ್ಲಿ ನಿಂತ ಹಾಗೆ ಕೂಗುತ್ತೀಯ, ನಾನೂ ಕೂಗುತ್ತೇನೆ, ಆಮೇಲೆ ಅಮ್ಮನ ಕೈಗೆ ಫೋನ್ ಕೊಟ್ಟು ಎದ್ದು ಹೋಗುತ್ತೀಯ. ಕಾಗದವಾದರೆ ಹಾಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಹೊಸ ವರ್ಷದ ಎರಡನೇ ದಿನ ನಡೆದದ್ದನ್ನು ಒಮ್ಮೆ ಬರೆದಿಡುತ್ತೇನೆ, ಯಾಕೆಂದರೆ ಅಮ್ಮ ಹೇಳುವ ಪ್ರಕಾರ ನೀನು ಅಕ್ಕಪಕ್ಕದವರಿಗೆ ಬೇರೆ ಥರ ಹೇಳುತ್ತಿದ್ದೀಯಂತೆ. ಜಗುಲಿಯ ಕಡೆಯ ದೊಡ್ಡ ಗಾಜಿನ ಜಾರುಬಾಗಿಲಿನ ಮುಂದೆ ನಿಂತು ನೀನು ಶುಹೇಯ್‌ಗೆ, "ನೋಡಿ ಅಳಿಯಂದಿರೇ, ಒಂದೇ ಬೆರಳು ಸಾಕು" ಅಂದೆ. ವರ್ಷದ ಕೊನೆಯ ಶುಚಿ ಕೆಲಸದಲ್ಲಿ ಅದರ ಹಳಿಗೆ ಮೇಣದಬತ್ತಿ ತಿಕ್ಕಿ ತಿಕ್ಕಿ ಬೆಣ್ಣೆ ಮಾಡಿಟ್ಟಿದ್ದೆ. "ಬಾಗಿಲು ಮುಚ್ಚಲಿದೆ, ದಯವಿಟ್ಟು ಗಮನಿಸಿ" ಅಂತ ಘೋಷಿಸಿ ತಳ್ಳಿದೆ. ಯುಜುವಿನ ಕೈ ಚೌಕಟ್ಟಿನ ಮೇಲಿತ್ತು.

"ನಾನು ಮೊದಲೇ ಹೇಳಿದ್ದೆನಲ್ಲ" ಅನ್ನುತ್ತೀಯಂತೆ. ಹೌದಪ್ಪ, ಹೇಳಿದ್ದೆ. ಎರಡು ವರ್ಷದ ಮಗುವಿಗೆ ರೈಲು ಪ್ರಯಾಣಿಕರಿಗೆ ಹೇಳುವ ಭಾಷೆಯಲ್ಲಿ ಹೇಳಿದ್ದೆ.

ಇನ್ನೊಂದು ಸುದ್ದಿ ಇದೆ. ಜುಲೈ ಕೊನೆಗೆ ಯುಜುವಿಗೆ ತಮ್ಮನೋ ತಂಗಿಯೋ ಬರುತ್ತಾರೆ. ಹೋದ ಸಲದ ಹಾಗೆ ಹೆರಿಗೆಗೆ ತವರಿಗೇ ಬರಬೇಕು ಅಂತ ನನಗೆ ತುಂಬಾ ಆಸೆ. ಆದರೆ ಈ ಸಲ ಮನೆ ತುಂಬ ಓಡುವ ಒಂದು ಮಗುವನ್ನು ಕರೆದುಕೊಂಡು ಬರಬೇಕು, ನಾನು ಮಲಗಿರುವಾಗ ಅದನ್ನು ನಿಮ್ಮ ಕೈಗೆ ಬಿಡಬೇಕು. ಆ ಬಾಗಿಲು ಹೀಗೇ ಇದ್ದರೆ ನಾನು ಬರುವುದಿಲ್ಲ. ಸೆಂದಾಯಿಯಲ್ಲಿ ಅತ್ತೆ ಆಗಲೇ ಒಂದು ಕೋಣೆ ಖಾಲಿ ಮಾಡಿಟ್ಟಿದ್ದಾರೆ. ಅವರ ಮನೆಯಲ್ಲಿ ಜಾರುಬಾಗಿಲೇ ಇಲ್ಲ. ಇದನ್ನು ಅವರೇ ಎರಡೆರಡು ಸಲ ಹೇಳಿದರು.

ನಿನ್ನ ಮಗಳು,
ಚಿಗುಸಾ


ಸೋಜಾ, ಒಕಾಯಾಮಾ
ಜನವರಿ 22

ಚಿಗುಸಾಳಿಗೆ,

ಬೇಲಿಯ ಬದಿಯ ಪ್ಲಮ್ ಮರದಲ್ಲಿ ಮೊಗ್ಗುಗಳು ಇನ್ನೂ ಬಿಗಿಯಾಗಿವೆ. ಚಳಿ ಜೋರಾಗಿರುವ ಈ ದಿನಗಳಲ್ಲಿ ನೀವೆಲ್ಲರೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ.

ಎರಡನೆಯ ಮಗುವಿನ ಸುದ್ದಿ ತಲುಪಿತು. ನಿನ್ನ ಅಮ್ಮ ಅತ್ತಳು. ನಾನು ಈರುಳ್ಳಿ ಮಡಿ ನೋಡಲು ಹಿತ್ತಿಲಿಗೆ ಹೋಗಿ ಸ್ವಲ್ಪ ಹೊತ್ತು ಬಿಟ್ಟು ಬಂದೆ.

ಇನ್ನು ಬಾಗಿಲಿನ ವಿಷಯ. ರೈಲಿನ ಗಾರ್ಡ್ ಆಗಿ ನಾನು ಎಷ್ಟು ಸಾವಿರ ಸಲ ಬಾಗಿಲು ಮುಚ್ಚಿದ್ದೇನೋ ದೇವರಿಗೇ ಗೊತ್ತು. ನಿವೃತ್ತಿಯಾಗುವ ದಿನದವರೆಗೆ ಒಬ್ಬರ ಬೆರಳೂ ಸಿಕ್ಕಿಕೊಂಡಿಲ್ಲ. ಒಂದು ಕೊಡೆಯ ತುದಿ, ಒಬ್ಬಳು ಹೈಸ್ಕೂಲ್ ಹುಡುಗಿಯ ಚೀಲಕ್ಕೆ ನೇತುಹಾಕಿದ್ದ ಗೊಂಬೆ, ಅಷ್ಟೇ. ಇದಕ್ಕೆಲ್ಲ ಕಾರಣ ಶಿಸ್ತು. ಆದ್ದರಿಂದ ಮನೆಯಲ್ಲೂ ಅದೇ ವ್ಯವಸ್ಥೆ ಜಾರಿಗೆ ತಂದಿದ್ದೇನೆ. ಬಾಗಿಲಿನಿಂದ ಸಾಕಷ್ಟು ದೂರದಲ್ಲಿ, ನೆಲದ ತಾತಾಮಿ ಚಾಪೆಯ ಮೇಲೆ, ಪ್ಲಾಟ್‌ಫಾರ್ಮಿನ ಅಂಚಿನ ಗೆರೆಯಂತೆ ಉದ್ದಕ್ಕೂ ಹಳದಿ ಟೇಪು ಅಂಟಿಸಿದ್ದೇನೆ. ಬಾಗಿಲು ಚಲಿಸುವಾಗ ಎಲ್ಲರೂ ಹಳದಿ ಗೆರೆಯ ಹಿಂದೆ ನಿಲ್ಲತಕ್ಕದ್ದು. ಒಂದು ಸೀಟಿಯನ್ನೂ ಕೊಂಡಿದ್ದೇನೆ. ಬಾಗಿಲು ಮುಚ್ಚಿದ ಮೇಲೆ ಬೆರಳು ತೋರಿಸಿ "ಬಾಗಿಲು, ಸರಿ! ಬೀಗ, ಸರಿ!" ಎಂದು ಗಟ್ಟಿಯಾಗಿ ಹೇಳುತ್ತೇನೆ. ಕೆಲಸದಲ್ಲಿದ್ದಾಗ ಪ್ರತಿ ನಿಲ್ದಾಣದಲ್ಲೂ ಮಾಡುತ್ತಿದ್ದುದೇ ಇದು. ಕಣ್ಣು ತಪ್ಪಿದ್ದನ್ನು ಬಾಯಿ ಹಿಡಿಯುತ್ತದೆ.

ಇಷ್ಟು ವ್ಯವಸ್ಥೆ ಸೆಂದಾಯಿಯಲ್ಲಿ ಇರಲಾರದು ಎಂದು ಭಾವಿಸುತ್ತೇನೆ.

ಹತಾಕೆದಾ ಮಿತ್ಸುಗು

ಚಿಗುಸಾ, ಇದು ಅಮ್ಮ ಬರೀತಿರೋದು. ಬಟ್ಟೆ ಒಣಗಿಸೋಕೆ ಹೊರಟ್ರೆ ಸೀಟಿ ಊದ್ತಾರೆ ಕಣೇ. ಕೈತುಂಬ ಒದ್ದೆ ಬಟ್ಟೆ ಹಿಡ್ಕೊಂಡು ನಾನು ಗೆರೆ ಹಿಂದೆ ನಿಂತ್ಕೋಬೇಕಂತೆ. ಹೊಸ ಚಾಪೆ ಮೇಲೆ ಟೇಪು ಬೇರೆ! ನಾಳೆಯಿಂದ ಸೀಟಿ ಸಿಗಲ್ಲ, ಅದು ಎಲ್ಲಿದೆ ಅಂತ ನಂಗೆ ಮಾತ್ರ ಗೊತ್ತು. ನೀನು ಚೆನ್ನಾಗಿ ಊಟ ಮಾಡು. ಸುಮಿಎ.


ಕವಾಸಾಕಿ,
ಫೆಬ್ರವರಿ 4

ಅಪ್ಪಾ,

ನಿನ್ನ ಪ್ಲಮ್ ಮೊಗ್ಗುಗಳಿಗೆ ನನ್ನ ನಮಸ್ಕಾರ ತಿಳಿಸು. ಮಗಳಿಗೆ ಬರೆಯುವಾಗಲೂ ಋತುವರ್ಣನೆ ಬಿಡಲಾರೆಯಲ್ಲ ನೀನು!

ನಿನ್ನೆ ರಾತ್ರಿ ಹಬ್ಬಕ್ಕೆ ಇಲ್ಲಿ ರಾಕ್ಷಸನನ್ನು ಓಡಿಸಲು ಹುರಿದ ಕಾಳು ಎಸೆದೆವು. ಶುಹೇಯ್ ಕೆಂಪು ಮುಖವಾಡ ಹಾಕಿಕೊಂಡು ಬಂದ. ಯುಜು ಹೆದರಲೇ ಇಲ್ಲ, ರಾಕ್ಷಸನ ಕೈ ಹಿಡಿದು ತನ್ನ ಉಗುರು ತೋರಿಸಿದಳು. ಚಿಕ್ಕ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳಬಾರದು ಅಂತ ಕಾಳನ್ನು ಪುಟ್ಟ ಪೊಟ್ಟಣಗಳಲ್ಲಿ ಕಟ್ಟಿ ಎಸೆದೆವು. ಈಗ ಎಲ್ಲ ಮನೆಯಲ್ಲೂ ಹಾಗೇ. ನೋಡು, ರಾಕ್ಷಸನನ್ನು ಓಡಿಸುವ ಕಾಳೇ ಮಗುವಿಗೆ ತಕ್ಕ ಹಾಗೆ ಬದಲಾಗಿದೆ.

ನಿನ್ನ ಗೆರೆಯ ಕಥೆ ಓದಿ ಶುಹೇಯ್ ನಕ್ಕು ಟೀ ಚೆಲ್ಲಿಕೊಂಡ. ನಾನೂ ನಕ್ಕೆ. ಆದರೆ ನಕ್ಕ ಮಾತ್ರಕ್ಕೆ ಒಪ್ಪಿದೆ ಅಂದುಕೊಳ್ಳಬೇಡ. ಗೆರೆ ಅಂದರೆ ಯುಜುವಿಗೆ ಏನು ಗೊತ್ತಾ? ಅದರ ಮೇಲೆ ಕೈ ಅಗಲಿಸಿಕೊಂಡು ನಡೆಯುವ ಆಟ. ನಿನ್ನ ರೈಲು ಹತ್ತುತ್ತಿದ್ದವರು ದೊಡ್ಡವರು. ಈ ಪ್ರಯಾಣಿಕಳು ಮಾಡಬಾರದ್ದನ್ನೆಲ್ಲ ಮಾಡುವವಳು. ಅವಳಿಗೆ ಶಿಸ್ತು ಬರುವವರೆಗೆ ಕಾಯಬೇಡ. ಬಾಗಿಲಿಗೇ ಶಿಸ್ತು ಕಲಿಸು.

ಒಂದು ಸಲ ಅವಳ ಎತ್ತರಕ್ಕೆ ಕೂತು ನೋಡು ಅಪ್ಪ. ಅಷ್ಟೇ ನಾನು ಕೇಳುವುದು.

ಅಷ್ಟೇ ಅಲ್ಲ, ಇನ್ನೊಂದಿದೆ. ಆ ದಿನ ನೀನು ಬಾಗಿಲನ್ನು ನೋಡಿದೆ, ಹಳಿಯನ್ನು ನೋಡಿದೆ, "ಘೋಷಣೆ ಮಾಡಿದ್ದೆ" ಅಂದೆ, ಹಿತ್ತಿಲಿಗೆ ಹೋದೆ. ಅವಳನ್ನು "ನೋವಾಯ್ತಾ ಕಂದ" ಅಂತ ಒಂದು ಮಾತು ಕೇಳಲಿಲ್ಲ. ನನಗೆ ಕೋಪ ಬಂದದ್ದು ಬಾಗಿಲಿಗಲ್ಲ.

ಚಿಗುಸಾ


ಸೋಜಾ,
ಮಾರ್ಚ್ 25

ಚಿಗುಸಾಳಿಗೆ,

ಪ್ಲಮ್ ಹೂ ಉದುರಿತು. ನದಿಯ ಏರಿಯ ಮೇಲೆ ಚೆರ್ರಿ ಮೊಗ್ಗು ಕೆಂಪಾಗಿದೆ. ಉತ್ತರ ತಡವಾಯಿತು. ಕೆಲಸವಿತ್ತು.

ನೀನು ಹೇಳಿದಂತೆ ಕೆಳಗೆ ಕೂತು ನೋಡಿದೆ. ಕೂತರೆ ಸಾಲದೆಂದು ನಾಲ್ಕು ಕಾಲಿನಲ್ಲಿ ನಡೆದೂ ನೋಡಿದೆ. ಅದೇ ಹೊತ್ತಿಗೆ ಪಕ್ಕದ ಮನೆಯ ತೊಕಿವಾ ಅವರು ಬೀದಿಯ ಸುತ್ತೋಲೆ ಕೊಡಲು ಹಿತ್ತಿಲ ಕಡೆಯಿಂದ ಬಂದರು. ಗಾಜು ಎಷ್ಟು ಶುಭ್ರವಾಗಿತ್ತೆಂದರೆ ಅವರಿಗೆ ಎಲ್ಲವೂ ಕಂಡಿತು.

"ಏನು ಕಳೆದ್ಹೋಯ್ತು ಹತಾಕೆದಾ ಅವ್ರೇ?"

"ಏನೂ ಇಲ್ಲ. ನಾನೀಗ ಎರಡು ವರ್ಷದೋನು."

ಸುತ್ತೋಲೆಗಿಂತ ಮುಂಚೆ ಈ ಸುದ್ದಿ ಬೀದಿ ಸುತ್ತಿ ಬಂದಿದೆ.

ಕೆಳಗಿನಿಂದ ನೋಡಿದರೆ ಅದು ಬೇರೆಯೇ ಮನೆ. ಗಾಜು ಇರುವುದೇ ಗೊತ್ತಾಗುವುದಿಲ್ಲ, ಹಿತ್ತಿಲು ನೇರವಾಗಿ ಒಳಗೆ ಬಂದಂತೆ ಕಾಣುತ್ತದೆ. ಓಡಿ ಬಂದವರು ಹಣೆ ಒಡೆದುಕೊಳ್ಳದಿದ್ದರೆ ಆಶ್ಚರ್ಯ. ನಿನ್ನ ಅಮ್ಮನ ಹೂಕುಂಡದ ಪೀಠ ಬಾಗಿಲಿನ ಪಕ್ಕದಲ್ಲೇ ಇದೆ, ಹತ್ತಲು ಮೆಟ್ಟಿಲು ಇಟ್ಟುಕೊಟ್ಟ ಹಾಗೆ. ಜಗುಲಿಯಿಂದ ಇಳಿಯುವ ಚಪ್ಪಲಿ ಕಲ್ಲು ನನಗೆ ಒಂದು ಹೆಜ್ಜೆ. ಅಷ್ಟು ಎತ್ತರದಿಂದ ನೋಡಿದಾಗ ಅದು ಬಂಡೆ.

ಆದ್ದರಿಂದ ಚಾಪೆಯ ಮೇಲಿನ ಹಳದಿ ಟೇಪನ್ನು ಕಿತ್ತು ಗಾಜಿಗೆ ಅಂಟಿಸಿದ್ದೇನೆ, ಯುಜುವಿನ ಮೂಗಿನ ಎತ್ತರಕ್ಕೆ. ಗಾಜು ಒಡೆದರೂ ಚೂರು ಹಾರದಂತೆ ಒಳಮೈಗೆ ತೆಳುವಾದ ಹಾಳೆ ಎಳೆದಿದ್ದೇನೆ. ಒಂದೆರಡು ಗುಳ್ಳೆ ಉಳಿದಿವೆ, ಅದರ ಬಗ್ಗೆ ನಿನ್ನ ಅಮ್ಮ ಈಗಾಗಲೇ ಮಾತನಾಡಿದ್ದಾಳೆ. ಹೂಕುಂಡದ ಪೀಠ ಅಡುಗೆಮನೆಗೆ ಹೋಯಿತು. ಚಪ್ಪಲಿ ಕಲ್ಲಿನ ಮುಂದೆ ಬಿದಿರಿನ ಕಟಕಟೆ ಬಂತು. ಬಾಗಿಲಿನ ಮೇಲ್ತುದಿಗೆ, ನನ್ನ ತಲೆಯ ಮಟ್ಟಕ್ಕೆ, ಇನ್ನೊಂದು ಬೀಗ ಹಾಕಿದ್ದೇನೆ, ಅವಳು ಒಬ್ಬಳೇ ಹೊರಗೆ ಹೋಗದಂತೆ. ಹಳಿಯ ಕೊನೆಯಲ್ಲಿ ರಬ್ಬರಿನ ತಡೆ ಇಟ್ಟಿದ್ದೇನೆ. ಹಗಲಿನಲ್ಲಿ ಬಾಗಿಲು ಚೌಕಟ್ಟಿಗೆ ತಾಗುವುದೇ ಇಲ್ಲ, ಒಂದು ಮುಷ್ಟಿಯಷ್ಟು ದೂರ ನಿಲ್ಲುತ್ತದೆ. ನನ್ನ ಮುಷ್ಟಿ, ಅವಳದಲ್ಲ.

ಇದರ ಜೊತೆಗಿನ ಚಿಕ್ಕ ಹಾಳೆ ಯುಜುವಿಗೆ. ಅವಳಿಗೆ ಓದಿ ಹೇಳು. ನೀನು ಓದಬೇಡ.

ಹತಾಕೆದಾ ಮಿತ್ಸುಗು

ಚಿಗುಸಾ, ಎಲ್ಲಾ ನಿಜ. ಆದ್ರೆ ಕ್ಯಾರೆಟ್ ವಿಷ್ಯ ಬರೆದಿಲ್ಲ ನೋಡು. ಕ್ಯಾರೆಟ್ ಕೇಳು. ಅಮ್ಮ.

(ಚಿಕ್ಕ ಹಾಳೆಯಲ್ಲಿ, ದೊಡ್ಡ ಅಕ್ಷರಗಳಲ್ಲಿ)

ಯುಜು,
ಬೆರಳು ತುಂಬಾ ನೋಯಿತಾ?
ತಾತನಿಗೂ ನೋಯಿತು.
ತಾತ


ಕವಾಸಾಕಿ,
ಏಪ್ರಿಲ್ 6

ಅಪ್ಪಾ,

ನಾನು ಓದದೆ ಅವಳಿಗೆ ಓದಿ ಹೇಳುವುದು ಹೇಗೆ ಅಂತ ನೀನೇ ಹೇಳಬೇಕು. ಓದಿದೆ. ಎರಡನೇ ಸಾಲಿನವರೆಗೆ ದನಿ ಸರಿಯಾಗಿತ್ತು, ಆಮೇಲೆ ಶುಹೇಯ್ ಓದಿದ.

ಯುಜು ಹಾಳೆಯನ್ನು ಬೆರಳಿಗೆ ಸುತ್ತಿಕೊಂಡು, "ತಾತ ಪಾಪ" ಅಂದಳು. ಹೋದ ವಾರ ಆ ಉಗುರು ಉದುರಿತು. ಒಡವೆ ಹೋಯಿತು ಅಂತ ಒಂದು ಗಂಟೆ ಅತ್ತಳು. ಕೆಳಗೆ ಹೊಸದು ಅಕ್ಕಿಕಾಳಿನಷ್ಟು ಬಂದಿದೆ.

ನೀನು ನಾಲ್ಕು ಕಾಲಿನಲ್ಲಿ ನಡೆದದ್ದನ್ನು ನೆನೆಸಿಕೊಂಡು ನಾನು ಈಗಲೂ ಬಸ್ಸಿನಲ್ಲಿ ಒಬ್ಬಳೇ ನಗುತ್ತೇನೆ. ಹೊಟ್ಟೆಯಲ್ಲಿರುವುದೂ ಒದೆಯುತ್ತದೆ. ಎಲ್ಲವನ್ನೂ ಚೆನ್ನಾಗಿ ಮಾಡಿದ್ದೀಯ. ಸೆಂದಾಯಿ ಅತ್ತೆಗೆ ಇನ್ನೂ ಏನೂ ಹೇಳಿಲ್ಲ.

ಆದರೆ, ಕ್ಯಾರೆಟ್ ವಿಷಯ ಏನು?

ಚಿಗುಸಾ


ಸೋಜಾ,
ಮೇ 20

ಚಿಗುಸಾಳಿಗೆ,

ಗದ್ದೆಗಳಿಗೆ ನೀರು ಬಿಡುತ್ತಿದ್ದಾರೆ. ಕಪ್ಪೆಗಳು ಜೋರಾಗಿವೆ.

ಕ್ಯಾರೆಟ್ ವಿಷಯ ಹೀಗಿದೆ. ಬೆರಳಿನ ಬದಲು ಕ್ಯಾರೆಟ್ ಇಟ್ಟು ಬಾಗಿಲು ಮುಚ್ಚಿ ಪರೀಕ್ಷೆ ಮಾಡಿದೆ. ಚೌಕಟ್ಟಿನ ಕಡೆ ಏನೂ ಆಗಲಿಲ್ಲ, ರಬ್ಬರು ತಡೆಯಿತು. ಆದರೆ ಎರಡು ಬಾಗಿಲು ಒಂದರ ಹಿಂದೊಂದು ಸರಿಯುವ ನಡುಮಧ್ಯದಲ್ಲಿ ಕ್ಯಾರೆಟ್ ಕಟಕ್ಕೆಂದು ಎರಡು ತುಂಡಾಯಿತು. ನಾನು ತಳ್ಳಿದ್ದು ಒಂದೇ ಬೆರಳಿನಿಂದ. ಇನ್ನೊಂದು ಇಟ್ಟೆ. ಅದೂ ಹೋಯಿತು. ನಿನ್ನ ಅಮ್ಮ ಅಷ್ಟನ್ನೂ ಸಾರಿಗೆ ಹಾಕಿದಳು. ನನಗೆ ಆ ದಿನ ಊಟ ಸೇರಲಿಲ್ಲ.

ಬಾಗಿಲು ಕೆಟ್ಟಿದ್ದರಿಂದ ಹೀಗಾದದ್ದಲ್ಲ. ಅತಿ ಚೆನ್ನಾಗಿದ್ದದ್ದರಿಂದ ಆದದ್ದು. ಒಮ್ಮೆ ಹೊರಟರೆ ತಾನೇ ಓಡುತ್ತದೆ, ನಿಲ್ಲಿಸಲು ಯಾರೂ ಇರುವುದಿಲ್ಲ. ಮೇಣದ ಕೆಲಸ ಅದು. ಇದು ನನಗೆ ಮಾರ್ಚಿನಲ್ಲೇ ಗೊತ್ತಾಗಿತ್ತು. ಬರೆಯಲು ಕೈ ಬರಲಿಲ್ಲ.

ನಿನಗೆ ಇದು ಸಣ್ಣ ವಿಷಯ ಅನ್ನಿಸಬಹುದು. ರೈಲು ಬಿಟ್ಟ ಮೇಲೆ ನಾನು ಚೆನ್ನಾಗಿ ಮಾಡುತ್ತಿದ್ದ ಕೆಲಸ ಇದೊಂದೇ. ಬೆಳಿಗ್ಗೆ ಎದ್ದು ಒಂದು ಬೆರಳಿನಿಂದ ಬಾಗಿಲು ಸರಿಸಿ ಬಿಸಿಲು ಒಳಗೆ ಬಂದಾಗ, ಈ ಮನೆಯಲ್ಲಿ ಎಲ್ಲ ಸರಿಯಾಗಿದೆ ಅನ್ನಿಸುತ್ತಿತ್ತು. ಬಂದವರೆಲ್ಲ ಹೊಗಳುತ್ತಿದ್ದರು. ಅವರು ಹೊಗಳಲೆಂದೇ ನಾನು ಅವರೆದುರು ಅದನ್ನು ತೆಗೆದು ಮುಚ್ಚುತ್ತಿದ್ದೆ ಎಂಬುದೂ ನಿಜ.

ಹೋದ ಭಾನುವಾರ ಕುದಿಯುವ ನೀರು ಸುರಿದು ಹಳಿಯನ್ನು ಉಜ್ಜಿ ಮೇಣವನ್ನೆಲ್ಲ ತೆಗೆದೆ. ನಡುಮಧ್ಯಕ್ಕೂ ರಬ್ಬರ್ ತಡೆ, ಅಂಚಿಗೆ ಮೆತ್ತನೆಯ ಪಟ್ಟಿ. ಕೆಳಗೆ ಉಣ್ಣೆಯ ಪಟ್ಟಿ ಸಿಕ್ಕಿಸಿದ್ದರಿಂದ ಬಾಗಿಲು ಈಗ ಎರಡೂ ಕೈ ಬೇಡುತ್ತದೆ. ಕೈಬಿಟ್ಟಲ್ಲೇ ನಿಲ್ಲುತ್ತದೆ. ಕಿರ್ರೆಂದು ನರಳುತ್ತದೆ. "ಈಗ ಇದೂ ನಿಮ್ ಥರಾನೇ ಗೊಣಗುತ್ತೆ" ಎಂದಳು ನಿನ್ನ ಅಮ್ಮ.

ಕ್ಯಾರೆಟ್ಟಿಗೆ ಗೀರೂ ಬೀಳಲಿಲ್ಲ. ಫೋಟೊ ಇಟ್ಟಿದ್ದೇನೆ, ಮೊದಲಿನದು ಮತ್ತು ಆಮೇಲಿನದು.

ಬರುತ್ತೀಯಾ?

ಅಪ್ಪ


ಕವಾಸಾಕಿ,
ಮೇ 28

ಅಪ್ಪಾ,

ಬರುತ್ತೇವೆ. ಜೂನ್ ಇಪ್ಪತ್ತಕ್ಕೆ ಸೀಟು ಕಾದಿರಿಸಿದ್ದಾಯಿತು. ನಾನು, ಯುಜು, ಈ ದೊಡ್ಡ ಹೊಟ್ಟೆ. ಶುಹೇಯ್ ನಮ್ಮನ್ನು ಬಿಟ್ಟು ಮಾರನೇ ದಿನ ವಾಪಸು ಹೊರಡುತ್ತಾನೆ.

ಸೆಂದಾಯಿಗೆ ಫೋನ್ ಮಾಡಿದೆ. "ಅಯ್ಯೋ, ಆ ಜಾರುಬಾಗ್ಲು ಮನೆಗಾ?" ಅಂದರು ಅತ್ತೆ. "ಹೂಂ ಅತ್ತೆ, ಕ್ಯಾರೆಟ್ ಪಾಸಾಗಿರೋ ಮನೆಗೆ" ಅಂದೆ. ಅವರು ನನಗೆ ಬಸುರಿನಲ್ಲಿ ತಲೆ ಸುತ್ತುತ್ತದೆಯೇ ಎಂದು ವಿಚಾರಿಸಿದರು.

ಫೋಟೊವನ್ನು ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ.

ಒಂದೇ ಮಾತು ಅಪ್ಪ, ಇದನ್ನು ತಮಾಷೆಗೆ ಬರೆಯುತ್ತಿಲ್ಲ. ನಾನು ಆಸ್ಪತ್ರೆಯಲ್ಲಿದ್ದಾಗ ಏನೇ ಆದರೂ ನನ್ನಿಂದ ಮುಚ್ಚಿಡಬಾರದು. ಎಷ್ಟೇ ಚಿಕ್ಕದಾದರೂ ಸರಿ. ಮುಚ್ಚಿಟ್ಟೆ ಅಂತ ಗೊತ್ತಾದರೆ, ಅಥವಾ ಇನ್ನೊಂದು ಸಲ ಹಾಗೇ ಆದರೆ, ಅಲ್ಲಿಂದಲೇ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಸೆಂದಾಯಿಗೆ ಹೊರಟುಬಿಡುತ್ತೇನೆ.

ಚಿಗುಸಾ


ಮನೆಯಿಂದ,
ಜುಲೈ 26

ಆಸ್ಪತ್ರೆಯಲ್ಲಿರುವ ಚಿಗುಸಾಳಿಗೆ,

ಬಿಳಿ ಪೀಚ್ ಹಣ್ಣಾಗಿದೆ. ನಿನ್ನ ಅಮ್ಮನ ಕೈಯಲ್ಲಿ ಮೂರು ಕಳಿಸಿದ್ದೇನೆ, ಹಣ್ಣು ತಿಂದ ಮೇಲೆ ಈ ಕಾಗದ ಓದು.

ಮೊನ್ನೆ ಹುಟ್ಟಿದ ಹುಡುಗ ನನ್ನ ಹಾಗೆ ಹುಬ್ಬು ಗಂಟಿಕ್ಕುತ್ತಾನಂತೆ, ಸಂತೋಷ. ಹೆಸರಿನ ಬಗ್ಗೆ ನಾನು ಕಳಿಸಿದ ಸಲಹೆಗಳೆಲ್ಲ ರೈಲುಗಳ ಹೆಸರು ಎಂದು ನಿನ್ನ ಅಮ್ಮ ಹೇಳಿಬಿಟ್ಟಿದ್ದಾಳೆ. ಇರಲಿ.

ಮುಚ್ಚಿಡಬಾರದು ಎಂದಿದ್ದೆ. ನಿನ್ನೆ ನಡೆದದ್ದನ್ನು ಬರೆಯುತ್ತೇನೆ. ಯುಜು ಕ್ಷೇಮವಾಗಿದ್ದಾಳೆ, ಈಗ ನನ್ನ ಪಕ್ಕದಲ್ಲಿ ಮಲಗಿದ್ದಾಳೆ. ಅದನ್ನು ಮೊದಲು ತಿಳಿದುಕೊಂಡು ಮುಂದೆ ಓದು.

ನಿನ್ನ ಅಮ್ಮ ನಿನ್ನ ಹತ್ತಿರ ಬಂದಿದ್ದಳು. ಮನೆಯಲ್ಲಿ ನಾವಿಬ್ಬರೇ. ಸುರಕ್ಷತೆಗೆಂದು ನಾನು ಮುಂಬಾಗಿಲಿಗೆ ಒಳಗಿನಿಂದ ಬೀಗ ಹಾಕಿದ್ದೆ, ಕಿಟಕಿಗಳಿಗೂ ಹಾಕಿದ್ದೆ, ಹಗಲಿನ ರಬ್ಬರ್ ತಡೆ ತೆಗೆದು ಜಾರುಬಾಗಿಲನ್ನೂ ಪೂರ್ತಿ ಮುಚ್ಚಿ ಮೇಲಿನ ಬೀಗ ಹಾಕಿದ್ದೆ. ಮಧ್ಯಾಹ್ನ ಇದ್ದಕ್ಕಿದ್ದಂತೆ ಮಳೆ ಹನಿಯಿತು. ಒಣಗಿಸಿದ ಬಟ್ಟೆ ತರಲು ಮೇಲಿನ ಬೀಗ ತೆಗೆದು ಹೊರಗೆ ಹೋದೆ. ಅವಳು ಹಿಂದೆ ಬಾರದಿರಲಿ ಎಂದು ಬಾಗಿಲು ಎಳೆದುಕೊಂಡೆ. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಹಿಂದೆ ಟಕ್ ಎಂಬ ಸದ್ದು.

ಗಾಜಿನ ಹಿಂದೆ ಯುಜು ತುದಿಗಾಲಿನಲ್ಲಿ ನಿಂತಿದ್ದಳು. ನಡುವಿನ ಚಿಲಕವನ್ನು ತಿರುಗಿಸಿ ಹಾಕಿದ್ದಳು. ಆಮೇಲೆ ಬೆರಳು ತೋರಿಸಿ, "ಬೀಗ, ಚರಿ!" ಎಂದಳು. ದಿನಾ ಸಂಜೆ ನಾನು ಮಾಡುವುದನ್ನು ನೋಡಿ ಕಲಿತದ್ದು. ಒಂದು ಕೂದಲೆಳೆಯೂ ತಪ್ಪಿರಲಿಲ್ಲ.

ಒಳಗಿನವರು ಹೊರಗೆ ಹೋಗದಂತೆ ನಾನು ಆರು ತಿಂಗಳು ಯೋಚಿಸಿದ್ದೆ. ಹೊರಗಿನವನು ಒಳಗೆ ಬರುವುದು ಹೇಗೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಮೊದಲು ನಗು ಬಂತು. "ಯುಜು, ಅದನ್ನ ಮೇಲಕ್ಕೆ ಎತ್ತು ಕಂದ" ಎಂದೆ. ಅವಳಿಗೆ ನಾನು ಮಳೆಯಲ್ಲಿ ನೆನೆಯುವುದೇ ಒಂದು ಆಟ. ಕೈ ಬೀಸಿದಳು. ಆಮೇಲೆ ಏನೋ ನೆನಪಾಗಿ "ಬಾತು!" ಎಂದು ತಿರುಗಿ ಹೊರಟಳು. ಅವಳ ಹಳದಿ ಬಾತುಕೋಳಿ ಇರುವುದು ಸ್ನಾನದ ಮನೆಯಲ್ಲಿ. ಹಿಂದಿನ ರಾತ್ರಿಯ ನೀರು ತೊಟ್ಟಿಯಲ್ಲಿ ಹಾಗೇ ಇತ್ತು, ಬಟ್ಟೆ ಒಗೆಯಲು ನಿನ್ನ ಅಮ್ಮ ಉಳಿಸುವ ನೀರು. ಸ್ನಾನದ ಮನೆಯ ಬಾಗಿಲು ಹಾಕಿದೆಯೋ ತೆರೆದಿದೆಯೋ ನನಗೆ ಎಷ್ಟು ನೆನೆಸಿಕೊಂಡರೂ ನೆನಪಾಗಲಿಲ್ಲ.

ಚಿಗುಸಾ, ನನ್ನ ಜೀವ ಬಾಯಿಗೆ ಬಂತು. ಗಾಜು ಬಡಿದೆ. ಅವಳ ಹೆಸರು ಹಿಡಿದು ಕೂಗಿದೆ. ನಾನು ಕೂಗಿದಷ್ಟೂ ಅವಳು ನಗುತ್ತ ಮುಂದೆ ಹೋದಳು. ಚಪ್ಪಲಿ ಕಲ್ಲಿನ ಪಕ್ಕದ ದಪ್ಪ ಕಲ್ಲೊಂದನ್ನು ಕೈಗೆತ್ತಿಕೊಂಡೆ. ಆದರೆ ಚೂರು ಹಾರದಿರಲಿ ಎಂದು ಅಂಟಿಸಿದ ಹಾಳೆ ನನ್ನದೇ, ಒಂದು ಏಟಿಗೆ ಅದು ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು.

ಕಲ್ಲು ಕೆಳಗಿಟ್ಟೆ. ನೆಟ್ಟಗೆ ನಿಂತೆ. ಕೆಲಸದಲ್ಲಿದ್ದಾಗಿನ ದನಿ ತೆಗೆದು, ಹೆದರಿಕೆ ಇಲ್ಲದವನ ಹಾಗೆ, "ರೈಲು ಹೊರಡಲಿದೆ! ಗಾರ್ಡಮ್ಮ ಎಲ್ಲಿ? ಗಾರ್ಡಮ್ಮ ಇಲ್ಲದೆ ರೈಲು ಹೋಗೋ ಹಾಗಿಲ್ಲ!" ಎಂದೆ.

ಓಡುವ ಹೆಜ್ಜೆ ಕೇಳಿಸಿತು. ಬಾತುಕೋಳಿ ಇಲ್ಲದೆ ಬಂದಳು. ಗಾಜಿನ ಹಳದಿ ಪಟ್ಟಿಗೆ ಮೂಗು ಒತ್ತಿ ನಿಂತಳು. "ಒಬ್ಬ ಪ್ರಯಾಣಿಕ ಹೊರಗೆ ಉಳ್ಕೊಂಡಿದಾನೆ ಗಾರ್ಡಮ್ಮ. ಬಾಗ್ಲು ತೆಗೀರಿ." ಅವಳು ಯೋಚಿಸಿದಳು. "ತಾತ ಟಿಕೆಟ್?" ಎಂದಳು. ಒಣಗಲು ಹಾಕಿದ್ದ ಕೈವಸ್ತ್ರ ಎತ್ತಿ ತೋರಿಸಿದೆ. ಅದು ನಡೆಯಿತು. ಎರಡೂ ಕೈಯಿಂದ ಚಿಲಕ ಮೇಲೆತ್ತಿದಳು.

ಬಾಗಿಲನ್ನು ಕಿತ್ತುಕೊಂಡು ಒಳಗೆ ನುಗ್ಗಬೇಕು ಅನ್ನಿಸಿತು. ಅವಳ ಎಡಗೈ ಬಾಗಿಲ ಅಂಚಿನ ಮೇಲೆ ಇತ್ತು. ಹೊಸ ಉಗುರು ಬಂದ ಅದೇ ಬೆರಳು. ನಾನು ಬಾಗಿಲಿನಿಂದ ಕೈ ತೆಗೆದೆ. "ಬೆರಳು?" ಎಂದು ಕೇಳಿದೆ. ಅವಳು ಒಂದು ಕೈ ನೋಡಿಕೊಂಡಳು, ಇನ್ನೊಂದನ್ನೂ ನೋಡಿಕೊಂಡಳು. ಎರಡನ್ನೂ ತಲೆಯ ಮೇಲಕ್ಕೆ ಎತ್ತಿದಳು. "ಬೆಳ್ಳು, ಚರಿ!"

ಆಮೇಲೆ ತೆಗೆದೆ. ಬಾಗಿಲು ನಿಧಾನವಾಗಿ ನರಳುತ್ತ ಸರಿಯಿತು. ಒದ್ದೆ ಬಟ್ಟೆಯಲ್ಲೇ ಹೊಸ ಚಾಪೆಯ ಮೇಲೆ ಅವಳನ್ನು ಅಪ್ಪಿಕೊಂಡು ಕೂತೆ. ಹಿತ್ತಿಲಿಗೆ ಹೋಗಲಿಲ್ಲ. ಅವಳೆದುರೇ ಅತ್ತೆ.

ಸ್ನಾನದ ಮನೆಯ ಬಾಗಿಲನ್ನು ನಿನ್ನ ಅಮ್ಮ ಭದ್ರವಾಗಿ ಹಾಕಿಹೋಗಿದ್ದಳು. ಆದರೂ ನೀರನ್ನೆಲ್ಲ ಚೆಲ್ಲಿದೆ, ಇನ್ನು ಈ ಮನೆಯಲ್ಲಿ ನೀರು ಉಳಿಸುವುದಿಲ್ಲ. ಚಿಲಕದ ಕೆಳಗೆ ಒಂದು ಪುಟ್ಟ ಗುಂಡಿ ಇದೆ, ಅದನ್ನು ಒತ್ತಿದರೆ ಚಿಲಕ ತಿರುಗುವುದೇ ಇಲ್ಲ. ಇಷ್ಟು ವರ್ಷ ಅದನ್ನು ಅಲಂಕಾರ ಎಂದುಕೊಂಡಿದ್ದೆ. ಮುಂಬಾಗಿಲ ಇನ್ನೊಂದು ಕೀಲಿ ಈಗ ತೊಕಿವಾ ಅವರ ಮನೆಯಲ್ಲಿದೆ.

ನಡೆದದ್ದು ಇಷ್ಟು. ನೀನು ಸೆಂದಾಯಿಗೆ ಹೋಗುವುದಾದರೆ ಟಿಕೆಟನ್ನು ನಾನೇ ಸ್ಟೇಷನ್ನಿಗೆ ಹೋಗಿ ತರುತ್ತೇನೆ. ತಪ್ಪು ತಿಳಿಯುವುದಿಲ್ಲ.

ಅಪ್ಪ


ಆಸ್ಪತ್ರೆ, ಮೂರನೇ ಮಹಡಿ
ಜುಲೈ 27

ಅಪ್ಪಾ,

ಹಣ್ಣು ತಿನ್ನುವ ಮೊದಲೇ ಓದಿಬಿಟ್ಟೆ. ನಿನ್ನ ಮಗಳಲ್ಲವೇ.

ಮೊದಲ ಸಲ ಓದಿದಾಗ ಅಮ್ಮನಿಗೆ, "ಯುಜು ಬಟ್ಟೆ ಎಲ್ಲಾ ಚೀಲಕ್ಕೆ ಹಾಕು" ಅಂತ ಹೇಳಿಯೂ ಬಿಟ್ಟೆ. ಅಮ್ಮ ಪೀಚ್ ಸುಲಿಯುತ್ತ ಕೂತಳು. ಅವಳು ಹಾಗೆ ಕೂತರೆ ನನಗೆ ಇನ್ನೊಮ್ಮೆ ಓದದೆ ಬೇರೆ ದಾರಿ ಇರುವುದಿಲ್ಲ.

ಎರಡನೇ ಸಲ ಓದುವಾಗ ಒಂದು ಕಡೆ ನಿಂತುಬಿಟ್ಟೆ. ಚಿಲಕ ತೆರೆದಿತ್ತು. ತೊಟ್ಟಿಯಲ್ಲಿ ನೀರಿತ್ತು. ನೀನು ಹೆದರಿ ಅರ್ಧ ಸತ್ತುಹೋಗಿದ್ದೆ. ಆದರೂ ಬಾಗಿಲಿನಿಂದ ಕೈ ತೆಗೆದು "ಬೆರಳು?" ಅಂತ ಕೇಳಿ, ಅವಳು ಉತ್ತರ ಹೇಳುವವರೆಗೆ ಕಾದೆ. ಜನವರಿಯಲ್ಲಿ ನೀನು ಘೋಷಣೆ ಮಾಡಿದ್ದೆ ಅಪ್ಪ. ಈಗ ಕೇಳಿದೆ.

ಚಿಲಕ ನನಗೂ ಹೊಳೆದಿರಲಿಲ್ಲ. ಕವಾಸಾಕಿಯ ನಮ್ಮ ಬಾಲ್ಕನಿಯಲ್ಲೂ ಅದೇ ಚಿಲಕ ಇದೆ, ನಾನು ದಿನಾ ಅವಳನ್ನು ಒಳಗೆ ಬಿಟ್ಟು ಬಟ್ಟೆ ಒಣಗಿಸುತ್ತೇನೆ. ಇವತ್ತೇ ಶುಹೇಯ್‌ಗೆ ಆ ಗುಂಡಿ ಹುಡುಕಲು ಹೇಳಿದ್ದೇನೆ. ಅವನೂ ಅದನ್ನು ಅಲಂಕಾರ ಅಂದುಕೊಂಡಿದ್ದನಂತೆ.

ಗುರುವಾರ ನಮ್ಮನ್ನು ಬಿಡುತ್ತಾರೆ. ಮನೆಗೆ ಬರುತ್ತೇವೆ. ನಮ್ಮ ಮನೆಗೆ. ಸ್ಟೇಷನ್ನಿನಿಂದ ಏನಾದರೂ ತರಲೇಬೇಕು ಅಂತಿದ್ದರೆ ಯುಜುವಿಗೊಂದು ಗಾರ್ಡ್ ಟೋಪಿ ತಾ. ಸೀಟಿ ಮಾತ್ರ ಬೇಡ.

ನಿನ್ನ ಚಿಗುಸಾ


ಸೋಜಾ,
ಡಿಸೆಂಬರ್ 27

ಚಿಗುಸಾ,

ಮೊದಲ ಹಿಮ ಬಿತ್ತು, ಮಧ್ಯಾಹ್ನಕ್ಕೆ ಕರಗಿತು.

ಇವತ್ತು ವರ್ಷದ ಕೊನೆಯ ಶುಚಿ ಕೆಲಸ ಮುಗಿಸಿದೆವು. ಗಾಜು ಒರೆಸಿದೆ, ಹಳದಿ ಪಟ್ಟಿ ಕಿತ್ತುಹೋದಲ್ಲಿ ಹೊಸದು ಹಾಕಿದೆ. ಯುಜು ಎಷ್ಟು ಎತ್ತರವಾಗಿದ್ದಾಳೋ ಗೊತ್ತಿಲ್ಲದೆ ಸ್ವಲ್ಪ ಮೇಲೆ ಇನ್ನೊಂದನ್ನೂ ಹಾಕಿದ್ದೇನೆ. ತಮ್ಮ ಈಗ ಮಗುಚಿಕೊಳ್ಳುತ್ತಾನಂತೆ, ಅವನಿಗೆಂದು ಕೆಳಗೆ ಒಂದು.

ಹಳಿ ಒರೆಸುವಾಗ ಅಭ್ಯಾಸಬಲದಿಂದ ಮೇಣದಬತ್ತಿ ಕೈಗೆ ಬಂದಿತ್ತು. ನಿನ್ನ ಅಮ್ಮ ಅಡುಗೆಮನೆಯಿಂದ ನೋಡುತ್ತಿದ್ದಳು. ಅದನ್ನು ಅವಳ ಕೈಗೆ ಕೊಟ್ಟೆ. "ಕರೆಂಟ್ ಹೋದಾಗ ಆಗುತ್ತೆ" ಎಂದು ಒಳಗಿಟ್ಟಳು. ಬಾಗಿಲು ಬೆಳಿಗ್ಗೆ ಎರಡೂ ಕೈಯಿಂದ ತೆಗೆಯುತ್ತೇನೆ. ಅದು ಕಿರ್ರೆಂದಾಗ ಯುಜು ಬಂದಳೆಂದು ಈಗಲೂ ತಿರುಗಿ ನೋಡುತ್ತೇನೆ. ಈ ಸದ್ದು ನನಗೆ ಇಷ್ಟವಾಗಿದೆ, ನಿನ್ನ ಅಮ್ಮನಿಗೆ ಹೇಳಬೇಡ.

ಮೂವತ್ತೊಂದಕ್ಕೆ ನಿಮ್ಮ ರೈಲು ಬರುವ ಹೊತ್ತಿಗೆ ಸ್ಟೇಷನ್ನಿನಲ್ಲಿರುತ್ತೇನೆ. ರೈಲು ಪೂರ್ತಿ ನಿಂತು ಗಾರ್ಡ್ ಬಾಗಿಲು ತೆಗೆಯುವವರೆಗೆ ಯುಜುವಿನ ಕೈ ಬಿಡಬೇಡ. ನನ್ನನ್ನು ಕಂಡ ಕೂಡಲೇ ಅವಳು ಓಡಿಬರುತ್ತಾಳೆ, ನನಗೂ ಓಡಬೇಕು ಅನ್ನಿಸುತ್ತದೆ. ಆದರೆ ನೀನು ಹೆದರಬೇಡ.

ನಾನು ಹಳದಿ ಗೆರೆಯ ಹಿಂದೆ ನಿಂತಿರುತ್ತೇನೆ.

ಅಪ್ಪ